ಹಳೇ ಪಿಕಪ್‌ನ ಸ್ಟೀರಿಂಗ್ ಸದ್ದು, ನಡುಕ: ಮೂಲ ಹುಡುಕುವುದು ಹೇಗೆ

ಕೋಲಾರದಿಂದ ಟೊಮೆಟೊ ಕ್ರೇಟು ಹೊತ್ತು ರಾತ್ರಿ ಹೊರಡುವ ಪಿಕಪ್ ಇರಲಿ, ಮಲೆನಾಡಿನ ತೋಟದ ದಾರಿಯಲ್ಲಿ ಗೊಬ್ಬರದ ಮೂಟೆ ಸಾಗಿಸುವ ಗಾಡಿ ಇರಲಿ, ಹತ್ತು ವರ್ಷ ದಾಟಿತು ಅಂದರೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ: ‘ಸ್ಟೀರಿಂಗ್ ನಡುಗುತ್ತೆ, ತಿರುಗಿಸಿದರೆ ಕಟಕಟ ಅನ್ನುತ್ತೆ.’ ತಕ್ಷಣ ಎಲ್ಲರ ಅನುಮಾನ ಹೋಗುವುದು ಸ್ಟೀರಿಂಗ್ ಬಾಕ್ಸಿನ ಮೇಲೆ. ಬಾಕ್ಸ್ ಬಿಚ್ಚಿ ಕಿಟ್ ಹಾಕಿಸಿ, ಸಾವಿರಾರು ರೂಪಾಯಿ ಸುರಿದ ಮೇಲೂ ನಡುಕ ಹಾಗೇ ಉಳಿಯುತ್ತದೆ. ಇದಕ್ಕೆ ಕಾರಣ ಸರಳ. ರಸ್ತೆಯಿಂದ ಹಿಡಿದು ಕೈವರೆಗಿನ ಹಾದಿಯಲ್ಲಿ ಟೈರು, ರಿಮ್ಮು, ಹಬ್ ಬೇರಿಂಗು, ಕಿಂಗ್ ಪಿನ್ನು (ಚಕ್ರ ಎಡ ಬಲ ತಿರುಗಲು ಆಧಾರವಾದ ಉಕ್ಕಿನ ಗೂಟ), ಟೈ ರಾಡು (ಎರಡೂ ಮುಂದಿನ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸಲಾಕೆ), ಡ್ರ್ಯಾಗ್ ಲಿಂಕು (ಬಾಕ್ಸಿನ ತಿರುವನ್ನು ಚಕ್ರದ ಕಡೆಗೆ ಒಯ್ಯುವ ಸಲಾಕೆ), ಬಾಕ್ಸು, ಕಾಲಮ್ಮು (ಸ್ಟೀರಿಂಗ್ ಚಕ್ರದಿಂದ ಬಾಕ್ಸಿಗೆ ಇಳಿಯುವ ಕಂಬಿ) ಸಾಲಾಗಿ ಕೂತಿವೆ. ಇವುಗಳಲ್ಲಿ ಯಾವುದು ಕೆಟ್ಟರೂ ಅದು ಗೊತ್ತಾಗುವುದು ಒಂದೇ ಜಾಗದಲ್ಲಿ, ನಾವು ಹಿಡಿದಿರುವ ಚಕ್ರದಲ್ಲಿ. ಆದ್ದರಿಂದ ಹುಡುಕಾಟ ನೆಲದಿಂದ ಶುರುವಾಗಿ ಮೇಲಕ್ಕೆ ಬರಬೇಕು. ಬಾಕ್ಸಿನ ಸರದಿ ಕೊನೆಯದು.

ಮೊದಲು ಗಾಡಿಯ ಅಡಿಗೆ ಬಗ್ಗಿ ಮುಂದಿನ ಆಕ್ಸಲ್ ಯಾವ ಬಗೆಯದು ಎಂದು ನೋಡಿಕೊಳ್ಳಿ. ಎರಡೂ ಚಕ್ರಗಳನ್ನು ಒಂದೇ ಉದ್ದನೆಯ ಉಕ್ಕಿನ ತೊಲೆ ಸೇರಿಸಿದ್ದು, ಅದು ಲೀಫ್ ಪ್ಲೇಟುಗಳ ಮೇಲೆ ಕೂತಿದ್ದರೆ ಅದು ರಿಜಿಡ್ ಆಕ್ಸಲ್. ಅದರಲ್ಲಿ ಚಕ್ರ ತಿರುಗುವುದು ಸಾಮಾನ್ಯವಾಗಿ ಕಿಂಗ್ ಪಿನ್ ಮೇಲೆ. ಪ್ರತಿ ಚಕ್ರಕ್ಕೂ ಬೇರೆ ಬೇರೆ ಮೇಲಿನ ಆರ್ಮ್, ಕೆಳಗಿನ ಆರ್ಮ್ ಇದ್ದು ಕಾಯಿಲ್ ಸ್ಪ್ರಿಂಗ್ ಅಥವಾ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸಲಾಕೆ) ಕಂಡರೆ ಅದು ಇಂಡಿಪೆಂಡೆಂಟ್ ಸಸ್ಪೆನ್ಶನ್. ಅಲ್ಲಿ ಕಿಂಗ್ ಪಿನ್ ಜಾಗದಲ್ಲಿ ಬಾಲ್ ಜಾಯಿಂಟ್, ಅಂದರೆ ಬಟ್ಟಲಿನೊಳಗೆ ತಿರುಗುವ ಗುಂಡಿನ ಕೀಲು, ಇರುತ್ತದೆ. ಹಳೇ ಪಿಕಪ್‌ಗಳಲ್ಲಿ ಎರಡೂ ಬಗೆ ಸಿಗುತ್ತವೆ. ಕೆಳಗಿನ ಪರೀಕ್ಷೆಗಳು ಎರಡಕ್ಕೂ ಸಲ್ಲುತ್ತವೆ, ಜಾಕಿ ಇಡುವ ಜಾಗ ಮಾತ್ರ ಬೇರೆ.

ಯಾವಾಗ ಬರುತ್ತದೆ?

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಗಾಡಿಯನ್ನು ಒಮ್ಮೆ ಓಡಿಸಿ, ಸದ್ದು ಅಥವಾ ನಡುಕ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧ ರೋಗ ಇಲ್ಲೇ ಸಿಕ್ಕಿಬೀಳುತ್ತದೆ.

ನಿಂತ ಗಾಡಿಯಲ್ಲಿ, ಎಂಜಿನ್ ಐಡಲ್‌ನಲ್ಲಿರುವಾಗಲೇ ಸ್ಟೀರಿಂಗ್ ಗುಯ್ಗುಟ್ಟಿ ನಡುಗಿದರೆ ಚಕ್ರಗಳಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿರಬಹುದು, ಸೈಲೆನ್ಸರ್ ಪೈಪ್ ಚಾಸಿಗೆ ತಾಗುತ್ತಿರಬಹುದು. 70ರಿಂದ 90 ಕಿ.ಮೀ. ವೇಗದ ನಡುವೆ ಶುರುವಾಗಿ ಅದಕ್ಕಿಂತ ಮೇಲೆ ಹೋದಾಗ ಕಡಿಮೆಯಾದರೆ ಮುಂದಿನ ಚಕ್ರಗಳ ಬ್ಯಾಲೆನ್ಸ್ ನೋಡಬೇಕು. 20–30 ಕಿ.ಮೀ. ವೇಗದಲ್ಲೇ ಸ್ಟೀರಿಂಗ್ ನಿಧಾನವಾಗಿ ಎಡಕ್ಕೂ ಬಲಕ್ಕೂ ತೂಗಾಡಿದರೆ ರಿಮ್ ಬಾಗಿದೆ, ಇಲ್ಲವೇ ಟೈರಿನೊಳಗಿನ ಪದರ ಬಿಟ್ಟಿದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್. ಗುಂಡಿಗೆ ಬಿದ್ದೊಡನೆ ಶುರುವಾಗಿ, ವೇಗ ಇಳಿಸುವವರೆಗೂ ನಿಲ್ಲದೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತೆ ಒದರಿದರೆ ಅದು ಶಿಮ್ಮಿ. ಅದರ ಬಗ್ಗೆ ಕೆಳಗೆ ವಿವರವಾಗಿ ಹೇಳಿದೆ.

ನಡುಕದ ಲಯವೂ ಸುಳಿವು ಕೊಡುತ್ತದೆ. ಪಿಕಪ್‌ಗಳಿಗೆ ಹಾಕುವ 7.00–15 ಅಳತೆಯ ಟೈರಿನ ವ್ಯಾಸ ಸುಮಾರು 75 ಸೆಂ.ಮೀ. ಅಂದರೆ ಚಕ್ರ ಒಂದು ಸುತ್ತು ಉರುಳಿದರೆ ಗಾಡಿ ಸುಮಾರು 2.3 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂಬತ್ತು–ಹತ್ತು ಸುತ್ತು ಸುತ್ತುತ್ತದೆ. ಈ ಲಯವನ್ನು ಕೈ ಒಂದೊಂದೇ ಒದೆತವಾಗಿ ಗುರುತಿಸಬಲ್ಲದು. ಡಿಫರೆನ್ಷಿಯಲ್ ಅನುಪಾತ ನಾಲ್ಕರ ಆಸುಪಾಸಿನಲ್ಲಿದ್ದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಉದ್ದನೆಯ ಕಂಬಿ) ಅದೇ ಹೊತ್ತಿನಲ್ಲಿ ಸೆಕೆಂಡಿಗೆ ನಲವತ್ತರ ಹತ್ತಿರ ಸುತ್ತುತ್ತಿರುತ್ತದೆ. ಆ ನಡುಕ ಎಣಿಸುವಂಥದ್ದಲ್ಲ. ಗುಂಯ್ ಎಂದು ಸೀಟಿನಲ್ಲಿ, ಗೇರ್ ಲಿವರ್‌ನಲ್ಲಿ, ಪಾದದ ಕೆಳಗೆ ಜುಮುಜುಮು ಅನ್ನಿಸುತ್ತದೆ. ಕೈಗೆ ಎಣಿಸಲು ಸಿಗುವ ನಡುಕ ಚಕ್ರದ್ದು, ಜೇನುನೊಣದಂತೆ ಗುಂಯ್ಗುಡುವುದು ಶಾಫ್ಟಿನದು ಅಥವಾ ಎಂಜಿನ್ನಿನದು.

ಈ ಕೊನೆಯ ಎರಡನ್ನು ಬೇರ್ಪಡಿಸಲು ಖಾಲಿಯಾದ, ನೇರವಾದ, ಇಳಿಜಾರಿಲ್ಲದ ರಸ್ತೆಯಲ್ಲಿ ನಡುಕ ಬರುವ ವೇಗ ಮುಟ್ಟಿ, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಎಂಜಿನ್ ಐಡಲ್‌ಗೆ ಇಳಿಯಲು ಬಿಡಿ. ನಡುಕ ಮುಂದುವರಿದರೆ ಚಕ್ರ ಅಥವಾ ಶಾಫ್ಟ್, ನಿಂತರೆ ಎಂಜಿನ್ ಕಡೆಯದು. ಎಂಜಿನ್ ಆಫ್ ಮಾತ್ರ ಮಾಡಬೇಡಿ. ಪವರ್ ಸ್ಟೀರಿಂಗ್ ಆ ಕ್ಷಣವೇ ಹೋಗುತ್ತದೆ, ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಒಂದೆರಡು ಒತ್ತಿಗೆ ಮುಗಿದುಹೋಗುತ್ತದೆ, ಕೀಲಿ ಪೂರ್ತಿ ಹಿಂದಕ್ಕೆ ತಿರುಗಿದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಇದೆ.

ಟೈರು, ರಿಮ್ಮು: ಖರ್ಚಿಲ್ಲದ ತಪಾಸಣೆ

ಮಳೆಗಾಲದಲ್ಲಿ ಗದ್ದೆ ಬದುವಿಗೆ ಇಳಿದು ಬಂದ ಗಾಡಿಯ ಮುಂದಿನ ಚಕ್ರದ ಒಳಮೈ ನೋಡಿ. ರಿಮ್ಮಿನ ಒಳಗಿನ ತಗ್ಗಿನಲ್ಲಿ ಅಂಗೈಯಗಲದ ಕೆಸರಿನ ಹೆಂಟೆ ಒಣಗಿ ಕಲ್ಲಾಗಿ ಅಂಟಿರುತ್ತದೆ. ಬ್ಯಾಲೆನ್ಸಿಂಗ್ ಮಾಡುವಾಗ ಹಾಕುವ ಸೀಸದ ತುಂಡುಗಳೇ 10, 20 ಗ್ರಾಂ ಲೆಕ್ಕದವು. ಈ ಹೆಂಟೆ ಎಷ್ಟೋ ಸಲ ಕಾಲು ಕೆ.ಜಿ. ತೂಗುತ್ತದೆ. ಹೊರಗಿನಿಂದ ಚಕ್ರ ಫಳಫಳ ತೊಳೆದಿದ್ದರೂ ಒಳಗಿನದು ಹಾಗೇ ಉಳಿದಿರುತ್ತದೆ. ‘ನಿನ್ನೆವರೆಗೂ ಸರಿ ಇತ್ತು, ಇವತ್ತು ಇದ್ದಕ್ಕಿದ್ದಂತೆ ನಡುಗುತ್ತಿದೆ’ ಅನ್ನುವ ಗಾಡಿಗಳಲ್ಲಿ ಮೊದಲು ಒಂದು ಸ್ಕ್ರೂ ಡ್ರೈವರಿನಿಂದ ಇದನ್ನು ಕೆರೆದು ತೆಗೆಯಿರಿ.

ನಂತರ ಗಾಳಿ. ಟೈರು ತಣ್ಣಗಿರುವಾಗ ಎರಡೂ ಮುಂದಿನ ಚಕ್ರಗಳ ಒತ್ತಡ ಒಂದೇ ಇರಬೇಕು. ಲೋಡು ಜಾಸ್ತಿ ಹಾಕುತ್ತೇವೆಂದು ಮುಂದಿನ ಟೈರಿಗೂ ಕಲ್ಲಿನಂತೆ ಗಾಳಿ ತುಂಬಿಸುವ ರೂಢಿ ಕೆಲವರಿಗಿದೆ. ಪಿಕಪ್‌ನಲ್ಲಿ ಲೋಡು ಬೀಳುವುದು ಬಹುಪಾಲು ಹಿಂದಿನ ಆಕ್ಸಲ್ ಮೇಲೆ. ಮುಂದೆ ಅತಿಯಾಗಿ ತುಂಬಿದ ಗಾಳಿ ರಸ್ತೆಯ ಪ್ರತಿ ಪೆಟ್ಟನ್ನೂ ನೇರವಾಗಿ ಸ್ಟೀರಿಂಗಿಗೆ ಕಳಿಸುತ್ತದೆ.

ಟೈರಿನ ಮೈಮೇಲೆ ಅಂಗೈ ಆಡಿಸುವುದನ್ನು ರೂಢಿಸಿಕೊಳ್ಳಿ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ, ಅಥವಾ ಇದರ ತಿರುಗುಮುರುಗಾದರೆ, ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬೇರಿಂಗ್ ಲೂಸಾಗಿದೆ. ಪಕ್ಕದ ಗೋಡೆಯಲ್ಲಿ ಅಥವಾ ಟ್ರೆಡ್ಡಿನಲ್ಲಿ ಒಂದು ಕಡೆ ಉಬ್ಬು ಕಂಡರೆ ಆ ಟೈರನ್ನು ಅಂದೇ ಬದಲಿಸಿ. ಒಳಪದರ ಬಿಟ್ಟ ಟೈರು ಎಚ್ಚರಿಕೆ ಕೊಡದೆ ಒಡೆಯುತ್ತದೆ. ರೀಟ್ರೆಡ್ ಟೈರುಗಳನ್ನು ಹಿಂದಕ್ಕೆ ಹಾಕಿ, ಮುಂದಕ್ಕೆ ಬೇಡ. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಹಾಕಿದ ಮುಂದಿನ ಆಕ್ಸಲ್ ಎಷ್ಟು ರಿಪೇರಿ ಮಾಡಿದರೂ ನೇರ ಓಡುವುದಿಲ್ಲ.

ರಿಮ್ ಬಾಗಿದೆಯೋ ನೋಡಲು ಚಕ್ರವನ್ನು ನೆಲದಿಂದ ಎತ್ತಿ, ಒಂದು ಇಟ್ಟಿಗೆಯ ಮೇಲೆ ಗಟ್ಟಿ ತಂತಿಯನ್ನೋ ಸೀಮೆಸುಣ್ಣವನ್ನೋ ರಿಮ್ಮಿನ ಅಂಚಿಗೆ ಕೂದಲೆಳೆಯ ಅಂತರದಲ್ಲಿ ನಿಲ್ಲಿಸಿ, ಚಕ್ರವನ್ನು ನಿಧಾನವಾಗಿ ತಿರುಗಿಸಿ. ಅಂತರ ಎರಡು ಮಿ.ಮೀ.ಗಿಂತ ಹೆಚ್ಚು ಏರಿಳಿದರೆ ರಿಮ್ ಕಾರಣವಾಗಿರಬಹುದು. ಅದಕ್ಕೂ ಮೊದಲು ಚಕ್ರ ಬಿಚ್ಚಿ ಹಬ್ ಮುಖದ ತುಕ್ಕು, ಮಣ್ಣು ಒರೆಸಿ ಮತ್ತೆ ಕೂರಿಸಿ ನೋಡಿ. ವೀಲ್ ನಟ್‌ಗಳನ್ನು ಸಾಲಾಗಿ ಒಂದರ ಪಕ್ಕ ಒಂದು ಬಿಗಿದರೆ ರಿಮ್ ಓರೆ ಕೂರುತ್ತದೆ; ಎದುರುಬದುರು ನಟ್‌ಗಳನ್ನು ಹಂತಹಂತವಾಗಿ ಬಿಗಿಯಬೇಕು.

ಇನ್ನೂ ಅನುಮಾನವಿದ್ದರೆ ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕ ಕೈಯಿಂದ ಸೀಟಿಗೆ ಸರಿದರೆ ತಪ್ಪು ಚಕ್ರದ್ದೇ. ಜಾಗ ಬದಲಾಗದಿದ್ದರೆ ಟೈರು, ರಿಮ್ಮುಗಳನ್ನು ಅಲ್ಲಿಗೆ ಬಿಟ್ಟು ಮುಂದಕ್ಕೆ ಹೋಗಬಹುದು.

ಜಾಕಿ ಹಾಕಿ ಅಲ್ಲಾಡಿಸುವ ಪರೀಕ್ಷೆ

ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡ ಕೊಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಡದೆ ಗಾಡಿಯ ಕೆಳಗೆ ಕೈ, ತಲೆ ಹಾಕಬೇಡಿ. ಸೈಜುಗಲ್ಲು, ಸಿಮೆಂಟ್ ಇಟ್ಟಿಗೆ ಭಾರಕ್ಕೆ ಒಮ್ಮೆಲೇ ಸಿಡಿಯುತ್ತವೆ. ರಿಜಿಡ್ ಆಕ್ಸಲ್ ಇದ್ದರೆ ಜಾಕಿಯನ್ನು ಆಕ್ಸಲ್ ತೊಲೆಯ ಕೆಳಗೆ ಇಡಿ. ಇಂಡಿಪೆಂಡೆಂಟ್ ಇದ್ದು ಸ್ಪ್ರಿಂಗ್ ಅಥವಾ ಟಾರ್ಶನ್ ಬಾರ್ ಕೆಳಗಿನ ಆರ್ಮ್ ಮೇಲೆ ಕೆಲಸ ಮಾಡುತ್ತಿದ್ದರೆ ಜಾಕಿ ಆ ಕೆಳಗಿನ ಆರ್ಮ್ ಅಡಿಯಲ್ಲೇ ಇರಬೇಕು. ಚಾಸಿಗೆ ಜಾಕಿ ಕೊಟ್ಟು ಎತ್ತಿದರೆ ಸ್ಪ್ರಿಂಗಿನ ಒತ್ತಡ ಬಾಲ್ ಜಾಯಿಂಟನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ, ಸವೆದ ಜಾಯಿಂಟೂ ಹೊಸದರಂತೆ ಕಾಣುತ್ತದೆ. ಬಾಲ್ ಜಾಯಿಂಟ್ ಸರಿ ಇದೆ ಎಂದು ತಪ್ಪಾಗಿ ಪಾಸ್ ಮಾಡುವುದು ಬಹಳ ಸಲ ಹೀಗೇ.

ಈಗ ಟೈರನ್ನು ಗಡಿಯಾರ ಎಂದುಕೊಂಡು 12 ಮತ್ತು 6ರ ಜಾಗದಲ್ಲಿ ಹಿಡಿದು, ಮೇಲೆ ಎಳೆದು ಕೆಳಗೆ ತಳ್ಳಿ. ಟಕ್ ಎಂದು ಆಡಿದರೆ ಹಬ್ ಬೇರಿಂಗ್ ಲೂಸು, ಇಲ್ಲವೇ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಲೂಸು. ಯಾವುದು ಎಂದು ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಹಬ್ಬೂ ಅದು ಕೂತಿರುವ ಮೋಟು ಕಂಬಿಯಾದ ಸ್ಟಬ್ ಆಕ್ಸಲ್ಲೂ ಒಂದೇ ತುಂಡಿನಂತಾಗುತ್ತವೆ. ಆಟ (ಸಡಿಲತನ) ಮಾಯವಾದರೆ ತಪ್ಪು ಬೇರಿಂಗಿನದು. ಬ್ರೇಕ್ ಒತ್ತಿದರೂ ಆಟ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಇಷ್ಟು ಸರಳವಾದ ಪರೀಕ್ಷೆ ಮಾಡದೆ ಎಷ್ಟೋ ಗಾಡಿಗಳಲ್ಲಿ ಒಳ್ಳೆಯ ಬೇರಿಂಗುಗಳನ್ನು ಬಿಚ್ಚಿ ಎಸೆಯಲಾಗುತ್ತದೆ.

ಆಮೇಲೆ 3 ಮತ್ತು 9ರ ಜಾಗದಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಇಲ್ಲಿ ಮಾತ್ರ ಆಟ ಕಂಡು 12–6ರಲ್ಲಿ ಕಾಣದಿದ್ದರೆ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಕಡೆಗೆ ಹೋಗಬೇಕು.

ಹಬ್ ಬೇರಿಂಗಿನ ಸದ್ದಿಗೆ ಒಂದು ಗುಣ ಇದೆ: ವೇಗದೊಂದಿಗೆ ಏರುವ ‘ಊಂ...’ ಎಂಬ ಗುನುಗು, ಗೇರ್ ಬದಲಿಸಿದರೂ ಬದಲಾಗುವುದಿಲ್ಲ. ಉದ್ದನೆಯ ಎಡ ತಿರುವಿನಲ್ಲಿ ಗಾಡಿಯ ಭಾರ ಬಲಕ್ಕೆ ವಾಲುತ್ತದೆ; ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಅನುಮಾನಾಸ್ಪದ. ಬಲ ತಿರುವಿನಲ್ಲಿ ಜೋರಾದರೆ ಎಡಗಡೆಯದು. ಎತ್ತಿದ ಚಕ್ರವನ್ನು ಒಂದು ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈಯನ್ನು ಲೀಫ್ ಪ್ಲೇಟ್ ಅಥವಾ ಸ್ಪ್ರಿಂಗ್ ಮೇಲೆ ಇಟ್ಟರೆ ಕೆಟ್ಟ ಬೇರಿಂಗಿನ ಗರಗರ ಬೆರಳ ತುದಿಗೆ ಮರಳಿನಂತೆ ತಾಗುತ್ತದೆ.

ಟೇಪರ್ ರೋಲರ್ ಬೇರಿಂಗ್ ಬರೀ ಲೂಸಾಗಿದ್ದರೆ ಗ್ರೀಸ್ ಬದಲಿಸಿ ಬಿಗಿ ಸರಿಮಾಡಿದರೆ ಸಾಕು. ಹಬ್ ತಿರುಗಿಸುತ್ತಲೇ ನಟ್ ಬಿಗಿಯುತ್ತಾ ಹೋಗಿ, ಕೈಗೆ ತಡೆ ಸಿಕ್ಕ ಮೇಲೆ ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು, ಹತ್ತಿರದ ತೂತಿಗೆ ಹೊಸ ಸ್ಪ್ಲಿಟ್ ಪಿನ್ ಹಾಕುವುದು ಸಾಮಾನ್ಯ ಕ್ರಮ. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಹಬ್ ಸರಾಗ ತಿರುಗಬೇಕು, ಆಟ ಇದ್ದೂ ಇಲ್ಲದಂತಿರಬೇಕು. ‘ಲೂಸಾಗಬಾರದು’ ಎಂದು ಪೂರ್ತಿ ಬಿಗಿದ ಬೇರಿಂಗ್ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿ, ಕೆಲವೇ ದಿನಗಳಲ್ಲಿ ಕಚ್ಚಿಕೊಳ್ಳುತ್ತದೆ. ಬದಲಿಸುವುದಾದರೆ ಒಳಗಿನ ಕೋನ್ ಜೊತೆ ಹೊರಗಿನ ಕಪ್ಪನ್ನೂ ಬದಲಿಸಿ. ಹಳೇ ಕಪ್ಪಿನಲ್ಲಿ ಹೊಸ ರೋಲರ್ ಬಾಳುವುದಿಲ್ಲ.

ಕಿಂಗ್ ಪಿನ್: ಗ್ರೀಸ್ ಹೋಗದ ಜಾಗ

ರಿಜಿಡ್ ಆಕ್ಸಲ್ ಗಾಡಿಗಳಲ್ಲಿ ಸದ್ದು, ನಡುಕ, ಬಿಗಿತ ಮೂರಕ್ಕೂ ಹೆಚ್ಚು ಕಾರಣವಾಗುವುದು ಇದು. ಪಿನ್ ಮತ್ತು ಅದರ ಸುತ್ತಲಿನ ಕೊಳವೆಯಾದ ಬುಷ್ ಸವೆದರೆ ಚಕ್ರ ಓಲಾಡುತ್ತದೆ. ಒಳಗೆ ಗ್ರೀಸ್ ಒಣಗಿದರೆ ತಿರುಗಿಸುವಾಗ ‘ಕಿರ್’ ಎನ್ನುತ್ತದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಗಾಡಿಯ ಭಾರ ಹೊರುವ ಥ್ರಸ್ಟ್ ಬೇರಿಂಗ್ ಪುಡಿಯಾಗಿದ್ದರೆ ನಿಂತಲ್ಲೇ ತಿರುಗಿಸುವಾಗ ಗಟ್ಟಿ ಗಟ್ಟಿಯಾಗಿ ತಡೆತಡೆದು ಹೋಗುತ್ತದೆ.

ಗ್ರೀಸ್ ಗನ್ ಹಿಡಿಯುವ ಮೊದಲು ಆ ಚಕ್ರವನ್ನು ಎತ್ತಿ. ನೆಲದ ಮೇಲಿದ್ದಾಗ ಭಾರವೆಲ್ಲ ಪಿನ್ನಿನ ಒಂದು ಪಕ್ಕಕ್ಕೂ ಥ್ರಸ್ಟ್ ಬೇರಿಂಗ್ ಮೇಲೂ ಒತ್ತಿರುತ್ತದೆ, ಗ್ರೀಸ್ ಅಲ್ಲಿಗೆ ನುಗ್ಗಲಾರದು. ಎತ್ತಿದಾಗ ಅಂತರ ಬಿಡುತ್ತದೆ. ಹೊಡೆಯುತ್ತಾ ಸ್ಟೀರಿಂಗನ್ನು ಎಡ ಬಲ ತಿರುಗಿಸಿ, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸ ಗ್ರೀಸಿನ ಬಣ್ಣ ಕಾಣುವವರೆಗೆ ಹೊಡೆಯಿರಿ. ಮೇಲಿನ ನಿಪ್ಪಲ್, ಕೆಳಗಿನ ನಿಪ್ಪಲ್ ಎರಡರಲ್ಲೂ ಹೀಗಾಗಬೇಕು. ಒಂದು ನಿಪ್ಪಲ್‌ನಲ್ಲಿ ಗನ್ ಒತ್ತಿದರೂ ಗ್ರೀಸ್ ಒಳಹೋಗದೆ ಪಕ್ಕದಿಂದ ಚಿಮ್ಮಿದರೆ ನಿಪ್ಪಲ್ ಬಿಚ್ಚಿ ಹೊಸದು ಹಾಕಿ ನೋಡಿ. ಹೊಸ ನಿಪ್ಪಲ್‌ನಲ್ಲೂ ಹೋಗದಿದ್ದರೆ ಹಿಂದಿನ ಸಲ ಬುಷ್ ಕೂರಿಸಿದವರು ಬುಷ್ಷಿನ ತೂತನ್ನು ನಿಪ್ಪಲ್ ತೂತಿಗೆ ಎದುರಾಗಿ ಇಟ್ಟಿಲ್ಲದಿರಬಹುದು. ಅಂಥ ಬುಷ್‌ಗೆ ಹಾಕಿದ ದಿನದಿಂದ ಒಂದು ಹನಿ ಗ್ರೀಸೂ ಸಿಕ್ಕಿರುವುದಿಲ್ಲ. ಹೊಸ ಕಿಂಗ್ ಪಿನ್ ಕಿಟ್ ಆರೇ ತಿಂಗಳಲ್ಲಿ ಸವೆಯಿತು ಎಂಬ ದೂರಿಗೆ ಹಲವು ಸಲ ಇದೇ ಕಾರಣ. ಸಾಮಾನು ಡೂಪ್ಲಿಕೇಟ್ ಇರಬೇಕೆಂದು ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ.

ಕಿಟ್ಟಿನಲ್ಲಿ ಪಿನ್ನು, ಬುಷ್ಷು, ಥ್ರಸ್ಟ್ ಬೇರಿಂಗ್, ಶಿಮ್ಮು (ಅಂತರ ತುಂಬುವ ತೆಳು ತಗಡು), ಲಾಕ್ ಪಿನ್ನು ಇರುತ್ತವೆ. ಕಂಚಿನ ಬುಷ್ ಇರುವ ಕಿಟ್ಟಿನಲ್ಲಿ ಬುಷ್‌ಗಳನ್ನು ಒತ್ತಿ ಕೂರಿಸಿದ ಮೇಲೆ ಉದ್ದನೆಯ ರೀಮರಿನಿಂದ ಮೇಲಿನದು, ಕೆಳಗಿನದು ಎರಡನ್ನೂ ಒಂದೇ ನೇರದಲ್ಲಿ ಕೊರೆಯಬೇಕು. ಎಮರಿ ಪೇಪರ್ ಸುತ್ತಿ ತಿಕ್ಕಿ, ಪಿನ್ನನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಬುಷ್ಷಿನ ತುದಿಗಳು ಮಾತ್ರ ಪಿನ್ನಿಗೆ ತಾಗುತ್ತವೆ, ಬೇಗ ಸವೆಯುತ್ತವೆ. ಗ್ರೀಸ್ ಸವರಿದ ಪಿನ್ ಹೆಬ್ಬೆರಳ ಒತ್ತಡಕ್ಕೆ ಜಾರಿ ಹೋಗಬೇಕು, ಆದರೆ ಅಲುಗಬಾರದು.

ಟೈ ರಾಡ್, ಡ್ರ್ಯಾಗ್ ಲಿಂಕ್, ಡ್ರಾಪ್ ಆರ್ಮ್

ಈ ಪರೀಕ್ಷೆಗೆ ಚಕ್ರ ನೆಲದ ಮೇಲೇ ಇರಲಿ, ಭಾರ ಇರಬೇಕು. ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಸ್ಟೀರಿಂಗನ್ನು ಎಡ ಬಲ ಎರಡೆರಡು ಇಂಚು ಬೇಗ ಬೇಗ ಆಡಿಸಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಇನ್ನೊಬ್ಬರು ಬಗ್ಗಿ ಪ್ರತಿ ಜಾಯಿಂಟನ್ನೂ ಅಂಗೈಯಲ್ಲಿ ಮುಚ್ಚಿ ಹಿಡಿಯಲಿ. ಕಣ್ಣಿಗಿಂತ ಕೈ ಇಲ್ಲಿ ಹೆಚ್ಚು ಹೇಳುತ್ತದೆ. ಸರಿಯಿರುವ ಜಾಯಿಂಟಿನ ಎರಡೂ ಭಾಗ ಒಟ್ಟಿಗೇ ಚಲಿಸುತ್ತವೆ. ಸವೆದದ್ದರಲ್ಲಿ ಒಂದು ಭಾಗ ಮೊದಲು ಹೋಗಿ, ಕ್ಷಣದ ನಂತರ ಇನ್ನೊಂದು ಹಿಂಬಾಲಿಸುತ್ತದೆ, ನಡುವೆ ‘ಟಿಕ್’ ಎಂದು ಅಂಗೈಗೆ ತಾಗುತ್ತದೆ. ಬಾಕ್ಸಿನಿಂದ ಹೊರಬರುವ ತೋಳಾದ ಡ್ರಾಪ್ ಆರ್ಮ್‌ನಿಂದ ಶುರುಮಾಡಿ ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ, ಸಲಾಕೆಗೆ ಇನ್ನೊಂದು ಪಕ್ಕದಲ್ಲಿ ಆಸರೆ ಕೊಡುವ ಐಡ್ಲರ್ ಆರ್ಮ್ ಇದ್ದರೆ ಅದೂ, ಹೀಗೆ ಒಂದನ್ನೂ ಬಿಡದೆ ನೋಡಿ.

ಅದೇ ಹೊತ್ತಿನಲ್ಲಿ ಸ್ಟೀರಿಂಗ್ ಬಾಕ್ಸಿನ ಮೇಲೂ ಒಂದು ಕಣ್ಣಿರಲಿ. ಚಾಸಿಗೆ ಅದನ್ನು ಹಿಡಿದಿರುವ ಬೋಲ್ಟ್‌ಗಳು ಸಡಿಲವಾಗಿದ್ದರೆ ಬಾಕ್ಸೇ ಮಿಸುಕುತ್ತದೆ. ಬೋಲ್ಟಿನ ಸುತ್ತ ತುಕ್ಕಿನ ಕೆಂಪು ಪುಡಿ ಗೆರೆಯಾಗಿ ಇಳಿದಿದ್ದರೆ ಅಲ್ಲಿ ಉಜ್ಜಾಟ ನಡೆದಿದೆ. ವರ್ಷಗಟ್ಟಲೆ ಓವರ್‌ಲೋಡ್ ಓಡಿದ ಗಾಡಿಗಳಲ್ಲಿ ಆ ಜಾಗದ ಚಾಸಿಯಲ್ಲೇ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಗ್ರೀಸು, ಮಣ್ಣು ಒರೆಸದೆ ಅದು ಕಾಣುವುದಿಲ್ಲ. ಬಿರುಕು ಕಂಡರೆ ಗಾಡಿ ಓಡಿಸಬೇಡಿ. ಚಾಸಿ ಕೆಲಸ ಗೊತ್ತಿರುವ ವೆಲ್ಡರ್ ಪಟ್ಟಿ ಕೊಟ್ಟು ಬೆಸೆಯಬೇಕಾದ ಕೆಲಸ ಅದು.

ಟೈ ರಾಡ್ ಎಂಡ್ ಬದಲಿಸುವಾಗ ಆಗುವ ತಪ್ಪುಗಳು ಮೂರು. ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದಿರಿ ಎಂದು ಎಣಿಸದೆ ತೆಗೆಯುವುದು ಒಂದು; ಎಣಿಸಿ ಅಷ್ಟೇ ಸುತ್ತು ಹೊಸದನ್ನು ಹಾಕಿದರೆ ಅಲೈನ್ಮೆಂಟ್ ಅಂಗಡಿವರೆಗೆ ಗಾಡಿ ಸರಿಯಾಗಿ ಹೋಗುತ್ತದೆ. ರಾಡಿನ ಒಂದು ತುದಿ ಎಡ ಥ್ರೆಡ್ಡಿನದು ಎಂಬುದೂ ನೆನಪಿರಲಿ. ಎರಡನೆಯದು, ಪುಲ್ಲರ್ ಬಿಟ್ಟು ಬೋಲ್ಟಿನ ತಲೆಗೇ ಸುತ್ತಿಗೆ ಹೊಡೆಯುವುದು. ಪುಲ್ಲರ್ ಇಲ್ಲದಿದ್ದರೆ ಆರ್ಮಿನ ಕಣ್ಣಿನ ಪಕ್ಕಕ್ಕೆ ಒಂದೆರಡು ಗಟ್ಟಿ ಪೆಟ್ಟು ಕೊಡಿ, ಟೇಪರ್ ತಾನಾಗಿ ಬಿಡುತ್ತದೆ. ಮೂರನೆಯದು ಅಪಾಯಕಾರಿ: ಸ್ಪ್ಲಿಟ್ ಪಿನ್ ತೂತು ಎದುರಾಗಲಿಲ್ಲವೆಂದು ನಟ್ಟನ್ನು ಸ್ವಲ್ಪ ಹಿಂದಕ್ಕೆ ಬಿಡುವುದು. ನಟ್ಟನ್ನು ಯಾವಾಗಲೂ ಮುಂದಕ್ಕೇ ಬಿಗಿದು ತೂತು ಸೇರಿಸಬೇಕು.

ಶಿಮ್ಮಿ: ಇಡೀ ಮುಂಭಾಗ ಒದರುವ ನಡುಕ

ರಿಜಿಡ್ ಆಕ್ಸಲ್ ಗಾಡಿಗಳಿಗೆ ಅಂಟಿದ ಕಾಯಿಲೆ ಇದು. ಎರಡೂ ಚಕ್ರ ಒಂದೇ ತೊಲೆಗೆ ಸೇರಿರುವುದರಿಂದ ಒಂದು ಚಕ್ರಕ್ಕೆ ಬಿದ್ದ ಪೆಟ್ಟು ಟೈ ರಾಡ್ ಮೂಲಕ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ವಾಪಸ್ ಬಂದು, ಉಯ್ಯಾಲೆ ತೂಗಿದಂತೆ ಬೆಳೆಯುತ್ತದೆ. ಶುರುವಾದರೆ ಸ್ಟೀರಿಂಗ್ ಜೊತೆ ಗುದ್ದಾಡಬೇಡಿ, ಜೋರಾಗಿ ಬ್ರೇಕೂ ಹಾಕಬೇಡಿ. ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿಯಲು ಬಿಡಿ. ಹೆಬ್ಬೆರಳನ್ನು ಚಕ್ರದ ಕಡ್ಡಿಗಳ ಒಳಗೆ ಸಿಕ್ಕಿಸಿಕೊಂಡಿರಬೇಡಿ.

ಶಿಮ್ಮಿಗೆ ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ. ಬ್ಯಾಲೆನ್ಸ್ ತಪ್ಪಿದ ಟೈರು ಕಿಡಿ ಹಚ್ಚುತ್ತದೆ, ಲೂಸಾದ ಕಿಂಗ್ ಪಿನ್ನೋ ಬೇರಿಂಗೋ ಅದನ್ನು ಬೆಳೆಯಲು ಬಿಡುತ್ತದೆ, ಕಡಿಮೆಯಾದ ಕ್ಯಾಸ್ಟರ್ ಅದನ್ನು ನಿಲ್ಲಗೊಡುವುದಿಲ್ಲ. ಕ್ಯಾಸ್ಟರ್ ಅಂದರೆ ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿದೆಯಲ್ಲ, ಹಾಗೆ. ಕೈ ಬಿಟ್ಟರೂ ಚಕ್ರ ನೇರಕ್ಕೆ ಬರುವುದು ಈ ವಾಲಿಕೆಯಿಂದ.

ಪಿಕಪ್‌ಗಳಲ್ಲಿ ಈ ಕೋನ ಎರಡು ದಾರಿಯಲ್ಲಿ ಹಾಳಾಗುತ್ತದೆ. ಕೆಲವು ಗಾಡಿಗಳಲ್ಲಿ ಲೀಫ್ ಪ್ಲೇಟಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಾಕಾರದ ತುಂಡು ಇರುತ್ತದೆ. ಪ್ಲೇಟ್ ಕೆಲಸ ಮಾಡಿಸಿದಾಗ ಅದು ತಿರುಗಾಮುರುಗಾ ಕೂರುತ್ತದೆ, ಇಲ್ಲವೇ ಬೆಂಚಿನ ಮೇಲೇ ಉಳಿದುಹೋಗುತ್ತದೆ. ಬಿಚ್ಚುವ ಮೊದಲು ದಪ್ಪ ಪಕ್ಕ ಯಾವ ಕಡೆಗಿತ್ತು ಎಂದು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಈ ತಾಪತ್ರಯವಿಲ್ಲ. ಎರಡನೆಯ ದಾರಿ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಲೋಡು ತಡೆಯಲೆಂದು ಹಿಂದೆ ಎರಡು ಮೂರು ಪ್ಲೇಟ್ ಹೆಚ್ಚಾಗಿ ಹಾಕಿಸುತ್ತಾರೆ. ಹಿಂಭಾಗ ಎತ್ತರವಾಗಿ ಮೂತಿ ಕೆಳಗೆ ಬಾಗುತ್ತದೆ, ಅದರೊಂದಿಗೆ ಕಿಂಗ್ ಪಿನ್ನಿನ ಮೇಲ್ತುದಿಯೂ ಮುಂದಕ್ಕೆ ಬರುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಲೋಡು ಹೊತ್ತಾಗ ಹಿಂಭಾಗ ಕುಸಿದು ಎಲ್ಲ ಸರಿಯಾಗಿ ಕಾಣುತ್ತದೆ, ಮಂಡಿಯಲ್ಲಿ ಸರಕು ಇಳಿಸಿ ಖಾಲಿ ಬರುವಾಗ ಸ್ಟೀರಿಂಗ್ ಒದರುತ್ತದೆ. ‘ಲೋಡಿದ್ದರೆ ಚೆನ್ನಾಗಿದೆ, ಖಾಲಿ ಇದ್ದರೆ ನಡುಗುತ್ತೆ’ ಎಂಬ ಮಾತು ಕೇಳಿದರೆ ಹಿಂದಿನ ಪ್ಲೇಟುಗಳನ್ನು ಎಣಿಸಿ.

ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ಸಲಾಕೆಗೆ ಹಾಕುವ ಶಾಕ್ ಅಬ್ಸಾರ್ಬರ್) ಇರುವ ಗಾಡಿಯಲ್ಲಿ ಅದನ್ನು ಬಿಚ್ಚಿ ಕೈಯಲ್ಲಿ ಎಳೆದು ತಳ್ಳಿ ನೋಡಬಹುದು. ಎರಡೂ ಕಡೆಗೆ ಒಂದೇ ಸಮ ತಡೆ ಕೊಡಬೇಕು. ಆದರೆ ಹೊಸ ಡ್ಯಾಂಪರ್ ಹಾಕಿ ಶಿಮ್ಮಿ ಅಡಗಿಸಿದರೆ ರೋಗ ಮುಚ್ಚಿಟ್ಟಂತೆ ಅಷ್ಟೇ. ಒಳಗೆ ಕಿಂಗ್ ಪಿನ್ ಸವೆಯುತ್ತಲೇ ಇರುತ್ತದೆ.

ಲೀಫ್ ಪ್ಲೇಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್, ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್, ಪ್ಲೇಟಿನ ತುದಿಯ ಕೊಂಡಿಯಲ್ಲಿರುವ ಶ್ಯಾಕಲ್ ಬುಷ್ ಕೂಡ ನೋಡಿ. ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿಯುತ್ತದೆ, ಗಾಡಿ ಒಂದೇ ಕಡೆ ಎಳೆಯುತ್ತದೆ. ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿನವರೆಗೆ ಟೇಪ್ ಹಿಡಿದು ಎಡಕ್ಕೂ ಬಲಕ್ಕೂ ಅಳೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಚಕ್ರಗಳು ನೇರ ಇರಬೇಕು, ನೆಲ ಸಮ ಇರಬೇಕು.

ಪವರ್ ಸ್ಟೀರಿಂಗಿನ ಕೂಗು

ತಿರುಗಿಸಿದಾಗ ಮಾತ್ರ ‘ಗೂಂ...’ ಎಂದು ನರಳುವ ಸದ್ದು ಬಂದು, ಎಂಜಿನ್ ರೈಸ್ ಮಾಡಿದಾಗ ಅದು ಏರಿದರೆ, ಪಂಪ್ ಗಾಳಿ ನುಂಗುತ್ತಿದೆ ಅಥವಾ ಆಯಿಲ್ ಕಡಿಮೆ ಇದೆ. ಡಬ್ಬಿಯ ಮುಚ್ಚಳ ತೆಗೆದು ನೋಡಿ. ಆಯಿಲ್ ಮೇಲೆ ಮಜ್ಜಿಗೆಯ ನೊರೆಯಂಥ ಗುಳ್ಳೆ ಇದ್ದರೆ ಗಾಳಿ ಸೇರಿದೆ. ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೂ ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಪೈಪಿನ ಕ್ಲಿಪ್ ಸಡಿಲವಿದ್ದರೆ ಗಾಳಿ ಒಳಕ್ಕೆ ಹೋಗುತ್ತದೆ. ಅದು ಎಳೆಯುವ ಕಡೆಯ ಪೈಪ್, ಆಯಿಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದು ಸುಲಭ.

ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತು ಹದಿನೈದು ಸಲ ನಿಧಾನವಾಗಿ ತಿರುಗಿಸಿ, ಮಟ್ಟ ಇಳಿದಂತೆ ಆಯಿಲ್ ತುಂಬುತ್ತಾ ಬನ್ನಿ. ಗುಳ್ಳೆ ನಿಂತ ಮೇಲೆ ಐಡಲ್‌ನಲ್ಲಿ ಅದೇ ಕೆಲಸ ಮಾಡಿ. ಯಾವ ಆಯಿಲ್ ಎಂಬುದನ್ನು ಡಬ್ಬಿಯ ಮುಚ್ಚಳ ಅಥವಾ ಕೈಪಿಡಿ ನೋಡಿ ಹಾಕಿ. ಬ್ರೇಕ್ ಆಯಿಲ್ ತಪ್ಪಿ ಬಿದ್ದರೂ ಸೀಲುಗಳೆಲ್ಲ ಊದಿಕೊಂಡು ಹಾಳಾಗುತ್ತವೆ.

ಕೊನೆಯವರೆಗೆ ತಿರುಗಿಸಿ ಹಿಡಿದಾಗ ಬರುವ ‘ಹಿಸ್’ ಸದ್ದು ರೋಗವಲ್ಲ, ಪ್ರೆಶರ್ ರಿಲೀಫ್ ವಾಲ್ವ್ ತೆರೆದ ಸದ್ದು. ಹಾಗೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಆಯಿಲ್ ಕಾದು ಪಂಪ್ ಸವೆಯುತ್ತದೆ. ‘ಕೀಂಚ್’ ಎಂದು ಕಿರುಚಿದರೆ ಬೆಲ್ಟ್. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ 10–12 ಮಿ.ಮೀ. ತಗ್ಗಬೇಕು. ಹೊಳಪು ಬಂದು ಗಾಜಿನಂತಾದ ಬೆಲ್ಟನ್ನು ಎಷ್ಟು ಬಿಗಿದರೂ ಕಿರುಚುತ್ತಲೇ ಇರುತ್ತದೆ, ಬದಲಿಸಿ.

ಕಾಲಮ್, ಕೊನೆಗೆ ಬಾಕ್ಸ್

ಸ್ಟೀರಿಂಗ್ ಚಕ್ರದ ಹತ್ತಿರವೇ ಸರಸರ ಸದ್ದು ಬಂದರೆ ಹಾರ್ನಿನ ತಾಮ್ರದ ಉಂಗುರ ಉಜ್ಜುತ್ತಿರುತ್ತದೆ. ಒರೆಸಿ, ಚಿಟಿಕೆ ಗ್ರೀಸ್ ಹಚ್ಚಿದರೆ ಮುಗಿಯಿತು. ಕಾಲ ಬಳಿ ಕೀರಲು ಬಂದರೆ ನೆಲದ ರಬ್ಬರ್ ಬೂಟು ಒಣಗಿದೆ. ನಿಂತಲ್ಲೇ ತಿರುಗಿಸಿದಾಗ ಪ್ರತಿ ಅರ್ಧ ಸುತ್ತಿಗೊಮ್ಮೆ ಬಿಗಿಯಾಗಿ ಸಡಿಲವಾದರೆ ಕಾಲಮ್ಮಿನ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿದೆ. ಅದರ ಬೋಲ್ಟ್ ಸಡಿಲವಾಗಿದ್ದರೂ ಕಟ್ ಎನ್ನುತ್ತದೆ. ಇದನ್ನು ನೋಡಿಯೇ ಮುಂದಕ್ಕೆ ಹೋಗಿ, ಏಕೆಂದರೆ ಆ ಒಂದು ಬೋಲ್ಟ್ ಬಿಚ್ಚಿಕೊಂಡರೆ ಸ್ಟೀರಿಂಗ್ ಬರೀ ಗಾಳಿಯಲ್ಲಿ ತಿರುಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಚಕ್ರದ ಅಂಚಿನಲ್ಲಿ 30 ಮಿ.ಮೀ.ಗಿಂತ ಹೆಚ್ಚು ಖಾಲಿ ಆಟ ಉಳಿದಿದ್ದರೆ ಈಗ ಬಾಕ್ಸಿನ ಸರದಿ. ಮೇಲಿರುವ ಅಡ್ಜಸ್ಟ್ ಸ್ಕ್ರೂವನ್ನು ಲಾಕ್ ನಟ್ ಸಡಿಲಿಸಿ, ಚಕ್ರಗಳು ನೇರವಿರುವಾಗ, ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಗಾಡಿ ಓಡುವುದು ಬಹುಪಾಲು ನೇರವಾಗಿ. ಹಾಗಾಗಿ ಬಾಕ್ಸಿನ ಹಲ್ಲು ಸವೆಯುವುದು ನಡುವಿನಲ್ಲಿ, ಪಕ್ಕದ ಹಲ್ಲುಗಳು ಹೆಚ್ಚುಕಡಿಮೆ ಹೊಸದರಂತೇ ಉಳಿದಿರುತ್ತವೆ. ನಡುವಿನ ಆಟವನ್ನು ಪೂರ್ತಿ ತೆಗೆಯಲು ಹೋದರೆ ತಿರುವಿನಲ್ಲಿ ಹಲ್ಲು ಕಚ್ಚಿಕೊಳ್ಳುತ್ತದೆ, ಸ್ಟೀರಿಂಗ್ ವಾಪಸ್ ಬರುವುದಿಲ್ಲ. ಹಾಗಾದರೆ ಸ್ಕ್ರೂ ಹಿಂದಕ್ಕೆ ಬಿಟ್ಟು, ಬಾಕ್ಸ್ ಬಿಚ್ಚಿಸಿ ಕೆಲಸ ಮಾಡಿಸುವುದೊಂದೇ ದಾರಿ.

ಬ್ರೇಕಿನ ನಡುಕದ ವಿಷಯ ಚಿಕ್ಕದು. ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಅಥವಾ ಡ್ರಮ್, ಪೆಡಲ್ ಮತ್ತು ಸೀಟು ಮಾತ್ರ ನಡುಗಿದರೆ ಹಿಂದಿನ ಡ್ರಮ್. ಡಿಸ್ಕಿನ ಓರೆ 0.1 ಮಿ.ಮೀ. ದಾಟಿದರೂ ಕೈಗೆ ಗೊತ್ತಾಗುತ್ತದೆ. ಲೇತ್‌ಗೆ ಕೊಡುವ ಮೊದಲು ಡಿಸ್ಕಿನ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪ ಉಳಿಯುತ್ತದೆಯೇ ನೋಡಿಕೊಳ್ಳಿ.

ಅಲೈನ್ಮೆಂಟ್ ಯಾವಾಗ ಮಾಡಿಸಬೇಕು?

ಎಲ್ಲ ಜಾಯಿಂಟ್, ಬೇರಿಂಗ್, ಕಿಂಗ್ ಪಿನ್ ಸರಿಯಾದ ಮೇಲೆ. ಲೂಸಾದ ಟೈ ರಾಡ್ ಇಟ್ಟುಕೊಂಡು ಅಲೈನ್ಮೆಂಟ್ ಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೆಷಿನ್ ಮೇಲೆ ಸರಿಯಾಗಿ ತೋರಿಸಿದ ಅಂಕಿ ಮೊದಲ ಗುಂಡಿಗೇ ತಪ್ಪುತ್ತದೆ. ಮೊದಲು ಬ್ಯಾಲೆನ್ಸಿಂಗ್, ಆಮೇಲೆ ಟೋ.

ಹಳ್ಳಿಯಲ್ಲಿ ಮೆಷಿನ್ ಹತ್ತಿರವಿಲ್ಲದಿದ್ದರೆ ಟೇಪಿನಲ್ಲೇ ಟೋ ಅಳೆಯಬಹುದು. ಚಕ್ರ ಎತ್ತಿ ತಿರುಗಿಸುತ್ತಾ ಎರಡೂ ಟೈರಿನ ಟ್ರೆಡ್ಡಿನ ನಟ್ಟನಡುವೆ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆಯಿರಿ. ಗಾಡಿ ಇಳಿಸಿ, ಸ್ವಲ್ಪ ಹಿಂದೆ ಮುಂದೆ ತಳ್ಳಿ ಕೂರಿಸಿ, ಮುಂಭಾಗದಲ್ಲಿ ಹಬ್ಬಿನ ಎತ್ತರಕ್ಕೆ ಗೆರೆಯಿಂದ ಗೆರೆಗೆ ಅಳೆದು, ಆ ಬಿಂದುಗಳಿಗೆ ಗುರುತು ಹಾಕಿ. ಚಕ್ರ ಅರ್ಧ ಸುತ್ತು ಉರುಳುವಷ್ಟು ಗಾಡಿಯನ್ನು ಮುಂದಕ್ಕೆ ತಳ್ಳಿದರೆ ಅದೇ ಗುರುತುಗಳು ಹಿಂಭಾಗಕ್ಕೆ ಬರುತ್ತವೆ. ಅಲ್ಲಿ ಮತ್ತೆ ಅಳೆಯಿರಿ. ಹಿಂದಿನಿಂದ ಎಳೆಯುವ ಗಾಡಿಗಳಲ್ಲಿ ಮುಂದಿನ ಅಳತೆ ಸಾಮಾನ್ಯವಾಗಿ 1ರಿಂದ 3 ಮಿ.ಮೀ. ಕಡಿಮೆ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯ ಅಂಕಿ ಸಿಕ್ಕರೆ ಅದೇ ಅಂತಿಮ.

ಕೆಲಸ ಮುಗಿದು 50–100 ಕಿ.ಮೀ. ಓಡಿದ ಮೇಲೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಬೇಕು. ಪ್ಲೇಟ್ ಬಿಚ್ಚಿದ್ದರೆ ಯು ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಬಿಗಿದು, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ನೋಡಿ. ಹೊಸ ಪ್ಲೇಟುಗಳು ಕೂತುಕೊಂಡಂತೆ ಬೋಲ್ಟ್ ಸಡಿಲವಾಗಿಯೇ ಆಗುತ್ತದೆ. ಕಿಂಗ್ ಪಿನ್ ಹೊಸದಾಗಿದ್ದರೆ ಮೊದಲ ಸಾವಿರ ಕಿ.ಮೀ.ಗೆ ಒಮ್ಮೆ, ಕೆಸರಿನಲ್ಲಿ ಓಡುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಚಕ್ರ ಎತ್ತಿ ಗ್ರೀಸ್ ಹೊಡೆಯಿರಿ.